ಆಕಾಶಕ್ಕೇಕೆ ಫ್ಲಡ್‌ಲೈಟು?

2023ರ ಡಿಸೆಂಬರ್ 14ರ ರಾತ್ರಿ. ಬಿದಿಗೆ ಚಂದ್ರ ಸಂಜೆಯೇ ಮುಳುಗಿದ್ದ. ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ತಾರಸಿ ಮೇಲೆ ಆರು ವರ್ಷದ ಮಗಳ ಜೊತೆ ಚಾಪೆ ಹಾಸಿ ಮಲಗಿದೆ. ಒಂದು ಗಂಟೆಯಲ್ಲಿ ಕಂಡದ್ದು ಎರಡೇ ಉಲ್ಕೆ. "ಅಪ್ಪಾ, ಉಲ್ಕಾ ಮಳಿ ಅಂದಿದ್ಯಲ್ಲಾ, ಎಲ್ಲೈತಿ?" ಎಂದಳು. ಶಾಲು ಹೊದಿಸಿ ಕಾರು ಹತ್ತಿಸಿದೆ. ತೋರಣಾ ಕೋಟೆಯ ಬುಡದ ವೆಲ್ಹೆ ದಾಟಿ, ಹೊಲವೊಂದರ ಬದುವಿನಲ್ಲಿ ಕೂತಾಗ ಅರ್ಧ ಗಂಟೆಯಲ್ಲಿ 23 ಎಣಿಸಿದಳು. ಆಮೇಲೆ ಎಣಿಸುವುದನ್ನೇ ಬಿಟ್ಟಳು.

ಇದು ಜೆಮಿನಿಡ್ ಉಲ್ಕಾವೃಷ್ಟಿ. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ಚೆಲ್ಲಿದ ಧೂಳಿನ ಹಾದಿಯನ್ನು ಭೂಮಿ ಪ್ರತಿ ಡಿಸೆಂಬರಿನಲ್ಲೂ ಹಾಯುತ್ತದೆ. ಕಾಳಿನಷ್ಟು ಚೂರುಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿ ಉರಿಯುತ್ತವೆ. ಪುನರ್ವಸು ನಕ್ಷತ್ರದ ಬಳಿಯಿಂದ ಚಿಮ್ಮಿದಂತೆ ಕಾಣುತ್ತವೆ. ನೋಡಲು ಟೆಲಿಸ್ಕೋಪು ಬೇಡ, ಟಿಕೆಟ್ಟೂ ಬೇಡ. ಕತ್ತಲೆ ಬೇಕು, ಕಣ್ಣು ಅದಕ್ಕೆ ಹೊಂದಿಕೊಳ್ಳಲು 20 ನಿಮಿಷ ಬೇಕು.

ಗದಗ ಜಿಲ್ಲೆಯ ನಮ್ಮೂರಿನಲ್ಲಿ ಇದಕ್ಕಾಗಿ ಯಾರೂ ಕಾರು ಹತ್ತುತ್ತಿರಲಿಲ್ಲ. ಹಿಂಗಾರಿ ಜೋಳ ಕಾಯಲು ಹೊಲದಲ್ಲಿ ಮಲಗುತ್ತಿದ್ದ ಅಜ್ಜ, "ಚುಕ್ಕಿ ಬಿತ್ತು ನೋಡು" ಎಂದು ನನ್ನನ್ನು ಎಬ್ಬಿಸುತ್ತಿದ್ದ. ಈಗ ಸಂಕ್ರಾಂತಿಗೆ ಹೋದರೆ ಅಲ್ಲಿಯೂ ಅಗಸಿ ಮುಂದೆ ಹೈಮಾಸ್ಟ್ ದೀಪ.

ಸೊಸೈಟಿಯ ಸಭೆಯಲ್ಲಿ ದೀಪದ ಮಾತೆತ್ತಿದಾಗ, "ಸುರಕ್ಷತೆಯ ಗತಿ?" ಎಂದರು. ಪ್ರಶ್ನೆ ಸರಿಯೇ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳ ದಾರಿಯಲ್ಲಿ ಬೆಳಕು ಇರಲೇಬೇಕು. ಆದರೆ ಮೇಲಕ್ಕೆ ಹೋಗುವ ಬೆಳಕು ಯಾರ ದಾರಿಯನ್ನೂ ತೋರಿಸುವುದಿಲ್ಲ, ಕರೆಂಟ್ ಬಿಲ್ಲನ್ನಷ್ಟೇ ಏರಿಸುತ್ತದೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. 2022ರಲ್ಲಿ ಅದರ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ತಾಣವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ಕತ್ತಲಲ್ಲಿ ಬದುಕುತ್ತಿಲ್ಲ. ದೀಪಗಳಿಗೆ ಮುಚ್ಚಿಗೆ, ಕಿಟಕಿಗಳಿಗೆ ಪರದೆ ಹಾಕಿಕೊಂಡಿದ್ದಾರೆ, ಅಷ್ಟೇ.

ನಮ್ಮಲ್ಲಿ ಕೊನೆಗೆ ಒಪ್ಪಿದ್ದು ಎರಡೇ: ತಾರಸಿಯ ಫ್ಲಡ್‌ಲೈಟು ಕೆಳಮುಖವಾಗಬೇಕು, ಅಲಂಕಾರದ ದೀಪಗಳು 11ಕ್ಕೆ ಆರಬೇಕು. ಇಷ್ಟರಿಂದ ಪುಣೆಯ ಆಕಾಶ ಮರಳಿ ಬಾರದು, ನಿಜ. ಆದರೆ ಕೆಟ್ಟ ನದಿ ತಿಳಿಯಾಗಲು ವರ್ಷಗಳೇ ಬೇಕು. ಬೆಳಕಿನ ಮಾಲಿನ್ಯ ಸ್ವಿಚ್ ಆರಿಸಿದ ಕ್ಷಣವೇ ಇಲ್ಲವಾಗುತ್ತದೆ. ಮುಂದಿನ ಡಿಸೆಂಬರ್ ಬರುವುದರೊಳಗೆ ನಿಮ್ಮ ಕಟ್ಟಡದ ದೀಪ ಯಾವ ಕಡೆಗೆ ಮುಖ ಮಾಡಿದೆ ಎಂದು ಒಮ್ಮೆ ತಾರಸಿ ಹತ್ತಿ ನೋಡಿ.