ನಕ್ಷೆಯಲ್ಲಿ ನಮ್ಮೂರು

ಶಿಕಾರಿಪುರದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದೆ. ಟಿವಿಯಲ್ಲಿ ಹವಾಮಾನದ ನಕ್ಷೆ ಬಂತು. ಇಡೀ ಶಿವಮೊಗ್ಗ ಜಿಲ್ಲೆಗೆ ಮಳೆ ಎಚ್ಚರಿಕೆಯ ಕಿತ್ತಳೆ ಬಣ್ಣ. ಪಕ್ಕದ ಮೇಜಿನ ರೈತರೊಬ್ಬರು ತಲೆಯೆತ್ತಿ ನೋಡಿದರು. "ಇದು ಆಗುಂಬೆ ಮಳೆ ಕಣೋ, ನಮ್ದಲ್ಲ" ಎಂದು ಜೊತೆಗಾರನಿಗೆ ಹೇಳಿ ಮತ್ತೆ ಮೆಕ್ಕೆಜೋಳದ ಮಾತಿಗೆ ಮರಳಿದರು.

ನನಗೆ ತಕ್ಷಣ ನೆನಪಾದದ್ದು ಬ್ರಿಟನ್ನಿನ ಬಿಬಿಸಿಯ ಹವಾಮಾನ ನಕ್ಷೆ. ಮಾರ್ಕ್ ಅಲೆನ್ ಎಂಬ ಕಲಾ ವಿದ್ಯಾರ್ಥಿ ರೂಪಿಸಿದ ಮೋಡ, ಹನಿ, ಸೂರ್ಯನ ಚಿಹ್ನೆಗಳು ಅಲ್ಲಿ 1975ರಲ್ಲಿ ಬಂದವು. ಆರಂಭದಲ್ಲಿ ಅವು ಅಯಸ್ಕಾಂತದ ಬಿಲ್ಲೆಗಳು. ನಿರೂಪಕರು ಕೈಯಾರೆ ಅಂಟಿಸುತ್ತಿದ್ದರು. 2005ರ ಮೇ ತಿಂಗಳಲ್ಲಿ ಅವನ್ನು ತೆಗೆದು ಮೂರು ಆಯಾಮದ ನಕ್ಷೆ ತಂದರು. ನೆಲಕ್ಕೆ ಮಂಕು ಕಂದು ಬಣ್ಣ. ನೋಟ ದಕ್ಷಿಣದ ಕಡೆಯಿಂದ ಓರೆಯಾಗಿ ಇದ್ದುದರಿಂದ ಇಂಗ್ಲೆಂಡಿನ ದಕ್ಷಿಣ ಹಿಗ್ಗಿತು, ಸ್ಕಾಟ್ಲೆಂಡ್ ಮುದುಡಿತು. ವೀಕ್ಷಕರ ದೂರು ಜೋರಾಯಿತು. ಓರೆಯನ್ನು ತಗ್ಗಿಸಬೇಕಾಯಿತು.

ನಕ್ಷೆ ನೆಲವನ್ನು ಹಿಗ್ಗಿಸಿ ಕುಗ್ಗಿಸುವುದು ಹೊಸತಲ್ಲ. ನಾವಿಕರಿಗಾಗಿ ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಮಾಡಿದ ನಕ್ಷೆಯಲ್ಲಿ ಉತ್ತರಕ್ಕೆ ಹೋದಷ್ಟೂ ನೆಲ ಉಬ್ಬುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಬಿಬಿಸಿಯಲ್ಲಿ ಆದದ್ದು ಇದರ ತಿರುವುಮುರುವು. ಬ್ರಿಟನ್ನಿನ ಉತ್ತರದ ತುದಿಯ ಶೆಟ್‌ಲ್ಯಾಂಡ್ ದ್ವೀಪಗಳವರ ನೋವು ಇನ್ನೂ ಹಳೆಯದು. ನಕ್ಷೆ ಬರೆಯುವವರು ಜಾಗ ಉಳಿಸಲು ಅವರನ್ನು ಕಿತ್ತು ಮೂಲೆಯ ಚೌಕದಲ್ಲಿ ಕೂರಿಸುತ್ತಿದ್ದರು. ಸ್ಕಾಟ್ಲೆಂಡಿನ ಸರ್ಕಾರಿ ಸಂಸ್ಥೆಗಳು ಸಕಾರಣವಿಲ್ಲದೆ ಹಾಗೆ ಮಾಡಬಾರದೆಂದು 2018ರಲ್ಲಿ ಕಾನೂನೇ ಬಂತು. ತಮ್ಮ ನೆಲ ಇದ್ದಲ್ಲೇ ಕಾಣಲಿ ಎಂಬ ಹಟ ನನಗೆ ಬಹಳ ದೊಡ್ಡದೆನಿಸುತ್ತದೆ.

ಇಷ್ಟು ಬರೆದ ಮೇಲೆ ಆ ರೈತರ ಮಾತು ಮತ್ತೆ ತಡೆಯಿತು. ತಮ್ಮೂರು ಚಿಕ್ಕದಾಗಿ ಕಂಡಿತೆಂದು ಅವರು ಹೇಳಲಿಲ್ಲ. ಆ ಬಣ್ಣ ತಮ್ಮ ಹೊಲಕ್ಕೆ ಸೇರಿದ್ದಲ್ಲ ಎಂದರು. ಆಗುಂಬೆಯ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಶಿಕಾರಿಪುರದಲ್ಲಿ ಅದರ ಕಾಲುಭಾಗವೂ ಇಲ್ಲ. ಎರಡೂ ಒಂದೇ ಜಿಲ್ಲೆ, ಹಾಗಾಗಿ ಒಂದೇ ಬಣ್ಣ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ 'ಒಂದೆರಡು ಕಡೆ ಭಾರಿ ಮಳೆ' ಎಂದಿರುತ್ತದೆ. ಹಾಗೆಂದರೆ ಹೆಚ್ಚೆಂದರೆ ನೂರಕ್ಕೆ 25 ಮಳೆ ಕೇಂದ್ರಗಳಲ್ಲಿ. ಭಾರಿ ಮಳೆ ಎಂದರೆ ದಿನಕ್ಕೆ 64.5 ಮಿ.ಮೀ.ಗೆ ಕಡಿಮೆಯಿಲ್ಲದ್ದು. ಪರದೆಗೆ ಬರುವಷ್ಟರಲ್ಲಿ 'ಒಂದೆರಡು ಕಡೆ' ಬಿದ್ದುಹೋಗಿ ಬಣ್ಣವಷ್ಟೇ ಉಳಿಯುತ್ತದೆ. ಅದರ ಮೇಲೆ ಗುಡುಗಿನ ಸದ್ದು, 'ವರುಣನ ಆರ್ಭಟ' ಎಂಬ ಸವೆದ ಪದ, ಎಂದೋ ತೆಗೆದ ಪ್ರವಾಹದ ದೃಶ್ಯ. ಇದನ್ನು ನನಗೆ ಸಹಿಸಲಾಗದು. ಇಂಥ ಕಿತ್ತಳೆಯನ್ನು ಹತ್ತು ಸಲ ಕಂಡು ಮಳೆ ಕಾಣದವರು ಹನ್ನೊಂದನೆಯ ಸಲ ಹೊಳೆ ದಾಟಲು ಹೊರಡುತ್ತಾರೆ.

ನಮ್ಮಲ್ಲಿ ಮಾಹಿತಿಗೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ವಾಹಿನಿಯವರೇ, ಮೂರು ಆಯಾಮದ ಮೋಡ ಬೇಡ. ನಕ್ಷೆಯ ಮೇಲೆ ತಾಲ್ಲೂಕಿನ ಗೆರೆ ಎಳೆಯಿರಿ, 'ಒಂದೆರಡು ಕಡೆ' ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಿ.