ಹಗಲಿನ ಮರೆವಿಗೆ ಇರುಳನ್ನು ವಿಚಾರಿಸಿರಿ

ಭಕ್ತರೊಬ್ಬರು ಈಚೆಗೆ ತಮ್ಮ ತಂದೆಯವರನ್ನು ಕರೆತಂದಿದ್ದರು. ಹಿರಿಯರಿಗೆ ಡಿಮೆನ್ಶಿಯಾ ಎಂಬ ಮರೆಗುಳಿ ರೋಗವಿರುವುದು ಮೊದಲೇ ತಿಳಿದಿತ್ತು. "ಒಂದೆರಡು ತಿಂಗಳಿಂದ ಮರೆವು ಬಹಳ ಹೆಚ್ಚಾಗಿದೆ. ತಟ್ಟೆಯ ಮುಂದೆ ಕುಳಿತು ಉಣ್ಣುವುದನ್ನೇ ಮರೆಯುತ್ತಾರೆ" ಎಂದರು. ರಾತ್ರಿಯ ನಿದ್ರೆ ಹೇಗಿದೆ ಎಂದು ಕೇಳಿದೆ. ಮಗನಿಗೆ ತಿಳಿದಿರಲಿಲ್ಲ. ಸೊಸೆ ಉತ್ತರಿಸಿದರು: "ನಾಲ್ಕೈದು ಸಲ ಎದ್ದು ಬಾಗಿಲು ತೆಗೆಯಲು ಹೋಗುತ್ತಾರೆ. ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಸುತ್ತಾರೆ."

ಇಂತಹ ಹಿರಿಯರ ರೋಗ ಉಲ್ಬಣಿಸಿತೆಂದು ತೀರ್ಮಾನಿಸುವ ಮೊದಲು ಅವರ ಇರುಳನ್ನು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ನಾವು ಮರೆವು ಎನ್ನುವುದರಲ್ಲಿ ಒಂದು ಪಾಲು ಅವಧಾನದ ಕೊರತೆ. ಮನಸ್ಸು ನಿಲ್ಲದ ಕಡೆ ನೆನಪು ಮೂಡದು. ನಿದ್ರೆಗೆಟ್ಟರೆ ಆರೋಗ್ಯವಂತರ ಅವಧಾನವೂ ಕುಗ್ಗುತ್ತದೆ. ದುರ್ಬಲಗೊಂಡ ಮಿದುಳಿಗೆ ಆ ಹೊರೆ ಇನ್ನೂ ಭಾರ. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಉಪಸ್ತಂಭಗಳೆಂದು ಕರೆದ ಚರಕಾಚಾರ್ಯರು, ಜ್ಞಾನಾಜ್ಞಾನಗಳೂ ನಿದ್ರೆಯನ್ನು ಅವಲಂಬಿಸಿವೆ ಎಂದಿದ್ದಾರೆ.

ಈ ರೋಗದಲ್ಲಿ ಮಿದುಳಿನ ಹಗಲು-ರಾತ್ರಿಯ ಲಯ ಕೆಡುವುದುಂಟು. ಆದರೆ ಎಲ್ಲವನ್ನೂ ರೋಗದ ಮೇಲೆ ಹಾಕಿ ಕೈಕಟ್ಟಿ ಕೂರಬಾರದು. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದೆಯೇ, ಮಂಡಿನೋವು, ಮಲಬದ್ಧತೆ, ಪದೇ ಪದೇ ಮೂತ್ರಬಾಧೆ ಇದೆಯೇ ಎಂದು ಗಮನಿಸಿರಿ. ಇವುಗಳಿಗೆ ಚಿಕಿತ್ಸೆಯಿದೆ. ಒಂದೆರಡು ದಿನಗಳಲ್ಲೇ ಹಠಾತ್ತನೆ ಗೊಂದಲ ಹೆಚ್ಚಿದರೆ ಸೋಂಕು ಮೊದಲಾದ ಕಾರಣವಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂಗಡಿಯಿಂದ ನಿದ್ರೆಯ ಮಾತ್ರೆ ತಂದು ಕೊಡುವ ರೂಢಿಯನ್ನು ನಾನು ಒಪ್ಪಲಾರೆ. ಅವು ಹಗಲಿನ ಮಂಪರನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸುತ್ತವೆ. ನಮ್ಮ ಆಯುರ್ವೇದದ ಔಷಧಿಗಳಿಗೂ ಇದೇ ಮಾತು: ನಡೆಯುತ್ತಿರುವ ಮಾತ್ರೆಗಳ ಜೊತೆಗೆ ಅಶ್ವಗಂಧ, ಬ್ರಾಹ್ಮಿಗಳನ್ನು ವೈದ್ಯರನ್ನು ಕೇಳದೆ ಸೇರಿಸಬೇಡಿರಿ.

ಬೆಳಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಡೆಸಿರಿ. ವೃದ್ಧರಿಗೆ ಹಗಲುನಿದ್ರೆಯನ್ನು ಚರಕರು ನಿಷೇಧಿಸಿಲ್ಲ. ಅದು ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಮುಗಿಯಲಿ. ಸಂಜೆಯ ಚಹಾ ಬಿಡಿಸಿ, ಹೊತ್ತಿಗೆ ಸರಿಯಾಗಿ ಲಘುವಾದ ಊಟ ನೀಡಿರಿ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ, ಕಾಲು ಜಾರದಂತೆ ಚೆನ್ನಾಗಿ ಒರೆಸಿರಿ. ಸ್ನಾನ, ಊಟ, ಮಾತುಕತೆಗಳನ್ನು ಅವರ ಮನಸ್ಸು ತಿಳಿಯಾಗಿರುವ ವೇಳೆಗೆ ಇಟ್ಟುಕೊಳ್ಳಿರಿ.

ಇದರಿಂದ ರೋಗ ವಾಸಿಯಾಗದು. ಉಳಿದಿರುವ ಅವಧಾನವು ಹಗಲಿನಲ್ಲಿ ಕೈಗೆ ಸಿಕ್ಕೀತು. ಆ ಮನೆಯಲ್ಲಿ ಇರುಳಿನ ಸಂಗತಿ ಸೊಸೆಗೆ ಮಾತ್ರ ತಿಳಿದಿತ್ತು, ಏಕೆಂದರೆ ಎಚ್ಚರವಿದ್ದವರು ಅವರೊಬ್ಬರೇ. ರಾತ್ರಿಯ ಸರದಿಯನ್ನು ತಾವೂ ಹಂಚಿಕೊಳ್ಳಬೇಕೆಂದು ಮಗನಿಗೆ ಹೇಳಿ ಕಳುಹಿಸಿದೆ.