ಹಗೇವೂ ಕೆಂಪು ಶಾಯಿಯೂ

ಕನ್ನಡ ನಾಡಿನ ನಕಾಶೆಯು 1956ನೆಯ ಇಸವಿಯ ನವೆಂಬರ್ 1ರಂದು ಒಂದಾಯಿತು. ಬಳ್ಳಾರಿಯವರಾದ ನಾವು ಅದಕ್ಕೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಅಂದಿನ ಮೈಸೂರು ರಾಜ್ಯವನ್ನು ಸೇರಿದೆವು. ನಮ್ಮ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಬಳ್ಳಾರಿ ತಾಲೂಕು ಯಾರಿಗೆ ಸಲ್ಲಬೇಕೆಂಬುದನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಿದಾಗ ಇಲ್ಲಿಯ ಜನರ ಮನೆಮಾತು ಯಾವದೆಂಬ ಪ್ರಶ್ನೆಯೂ ಪರಿಶೀಲನೆಗೆ ಬಂದಿತ್ತು. ಮನೆಮಾತನ್ನು ಮುಂದಿಟ್ಟುಕೊಂಡು ನೆಲವನ್ನು ಕೇಳಿದವರು ನಾವು. ಆ ಮನೆಮಾತಿಗೆ ನಮ್ಮ ಶಾಲೆಗಳ ಪ್ರಬಂಧದ ವಹಿಯಲ್ಲಿ ಈಗ ಎಷ್ಟು ಸ್ಥಳವಿದೆಯೆಂಬುದನ್ನು ವಾಚಕರು, ವಿಶೇಷವಾಗಿ ಉಪಾಧ್ಯಾಯ ಬಂಧುಗಳು, ನನ್ನೊಡನೆ ಸ್ವಲ್ಪ ವಿಚಾರಿಸಬೇಕೆಂದು ಬೇಡುತ್ತೇನೆ.

ಬ್ರೂಸ್‌ಪೇಟೆಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬನು ಎಂಟನೆಯ ಇಯತ್ತೆಯಲ್ಲಿ ಓದುತ್ತಾನೆ. ‘ನಮ್ಮ ಅಜ್ಜನ ಊರು’ ಎಂಬ ವಿಷಯದ ಮೇಲೆ ಅವನು ಬರೆದ ಪ್ರಬಂಧವನ್ನು ಈಚೆಗೆ ನನಗೆ ತೋರಿಸಿದನು. ಅವನ ಅಜ್ಜನದು ಕುರುಗೋಡಿನ ಕಡೆಯ ಹಳ್ಳಿ. ಸುಗ್ಗಿಯಾದ ಬಳಿಕ ಹಿಂದಿನವರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರೆಂದೂ, ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲವೆಂದೂ, ಕೆಟ್ಟ ಗಾಳಿ ಹೋಯಿತೋ ಇಲ್ಲವೋ ಎಂದು ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರೆಂದೂ ಹುಡುಗನು ಬರೆದಿದ್ದನು. ಉಪಾಧ್ಯಾಯರು ‘ಹಗೇವು’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಧಾನ್ಯ ಸಂಗ್ರಹಾಗಾರ’ ಎಂದು ತಿದ್ದಿದ್ದರು. ‘ಎರೆ ಹೊಲ’ವು ‘ಫಲವತ್ತಾದ ಭೂಮಿ’ ಆಗಿತ್ತು; ‘ಉಳ್ಳಾಗಡ್ಡಿ’ಯು ‘ಈರುಳ್ಳಿ’ ಆಗಿತ್ತು. ಅಂಚಿನಲ್ಲಿ ‘ಗ್ರಾಮ್ಯ’ ಎಂಬ ಒಂದೇ ಷರಾ.

ತಿದ್ದಿದ ವಾಕ್ಯವನ್ನು ಓದಿ ನೋಡಿರಿ. ಸಂಗ್ರಹಾಗಾರಕ್ಕೆ ಬಾಗಿಲು ಇರುವದು; ಅದರೊಳಗೆ ಹೋಗಲು ದೀಪವನ್ನು ಇಳಿಬಿಡುವ ಅವಶ್ಯಕತೆ ಏನು? ನೆಲವನ್ನು ತೋಡಿ ಮಾಡಿದ ಕಣಜ, ಅದರ ಇಕ್ಕಟ್ಟಾದ ಬಾಯಿ, ಒಳಗೆ ನಿಂತ ಗಾಳಿಯ ಭಯ, ಅಜ್ಜನ ಜಾಗರೂಕತೆ ಇವೆಲ್ಲವೂ ಒಂದೇ ಪದದಲ್ಲಿ ಅಡಗಿದ್ದವು. ಪದ ಹೋದಕೂಡಲೆ ಅವೆಲ್ಲ ಹೋಗಿ, ಸತ್ಯವಾಗಿದ್ದ ವಾಕ್ಯವು ಹಾಸ್ಯಾಸ್ಪದವಾಯಿತು. ಮುಂದಿನ ವಾರದ ಪ್ರಬಂಧವನ್ನು ಹುಡುಗನು ಗೈಡಿನಿಂದ ನೋಡಿ ಬರೆದನು. ಅದರಲ್ಲಿ ತಪ್ಪು ಒಂದೂ ಇರಲಿಲ್ಲ. ಅವನು ಕಣ್ಣಾರೆ ಕಂಡ ಅಥವಾ ಕಿವಿಯಾರೆ ಕೇಳಿದ ಸಂಗತಿಯೂ ಒಂದೂ ಇರಲಿಲ್ಲ. ಕಾರಣವನ್ನು ಕೇಳಿದಾಗ, “ನಮ್ಮ ಮನೆಯ ಮಾತು ಬರೆದರೆ ಮಾರ್ಕು ಹೋಗ್ತಾವ್ರಿ” ಎಂದನು. ಈ ಉತ್ತರವು ನನಗೆ ಬಹಳ ನೋವನ್ನುಂಟುಮಾಡಿತು.

ಆ ಉಪಾಧ್ಯಾಯರನ್ನು ದೂಷಿಸುವದು ನನ್ನ ಉದ್ದೇಶವಲ್ಲ. ಅವರಿಗೂ ಅವರ ಗುರುಗಳು ಹಾಗೆಯೇ ತಿದ್ದಿರಬಹುದು. ಪರೀಕ್ಷೆಯ ಭಯವು ಅವರಿಗೂ ಉಂಟು. ಆದರೆ ಪ್ರಬಂಧಕ್ಕೆ ತಕ್ಕ ಪದವನ್ನು ಆರಿಸುವ ವಿವೇಕವೆಂದರೆ ಮನೆಯ ಪದವನ್ನು ತೆಗೆದು ಪುಸ್ತಕದ ಪದವನ್ನು ಇಡುವದು ಎಂಬ ತಿಳಿವಳಿಕೆಯು ಎಲ್ಲಿಯವರೆಗೆ ಇರುವದೋ ಅಲ್ಲಿಯವರೆಗೆ ನಮ್ಮ ಮಕ್ಕಳು ಬರೆಯುವದನ್ನು ಕಲಿಯಲಾರರು. ನನ್ನ ಅಲ್ಪಮತಿಗೆ ತೋರುವಂತೆ ಪದಕ್ಕೆ ಪರೀಕ್ಷೆಗಳು ಮೂರು: ಅದು ವಸ್ತುವಿಗೆ ಒಪ್ಪಬೇಕು, ಓದುವವನಿಗೆ ತಿಳಿಯಬೇಕು, ಸಂದರ್ಭದ ತೂಕಕ್ಕೆ ಸರಿಯಾಗಿರಬೇಕು.

ಮೊದಲನೆಯದು ವಸ್ತು. ನೇಗಿಲು ನೆಲವನ್ನು ಉಳುವದು; ಕುಂಟೆಯು ಮೇಲ್ಮಣ್ಣನ್ನು ಸಡಿಲಿಸಿ ಕಳೆಯನ್ನು ಕೊಯ್ಯುವದು; ಕೂರಿಗೆಯು ಸಾಲು ಹಿಡಿದು ಬಿತ್ತುವದು; ಎಡೆಕುಂಟೆಯು ಬೆಳೆದ ಪೈರಿನ ಸಾಲುಗಳ ನಡುವೆ ಓಡುವದು. ಈ ನಾಲ್ಕನ್ನೂ ‘ಕೃಷಿ ಉಪಕರಣ’ವೆಂದು ಬರೆದವನು ಹೆಚ್ಚು ಶುದ್ಧವಾಗಿ ಬರೆದಂತಾಗಲಿಲ್ಲ, ಕಡಿಮೆ ಹೇಳಿದಂತಾಯಿತು. ನನ್ನ ವಕೀಲಿಯ ವೃತ್ತಿಯಲ್ಲಿ ಇದರ ಫಲವನ್ನು ನಿತ್ಯವೂ ಕಾಣುತ್ತೇನೆ. ಸ್ವಾಮ್ಯ ಬೇರೆ, ಸ್ವಾಧೀನ ಬೇರೆ. ಕ್ರಯಕ್ಕೆ ಕೊಟ್ಟ ಹೊಲವು ಕೈಬಿಟ್ಟಿತು. ಭೋಗ್ಯಕ್ಕೆ ಕೊಟ್ಟದ್ದು ಹಣ ತೀರಿದ ಬಳಿಕ ತಿರುಗಿ ಬರತಕ್ಕದ್ದು. ಪತ್ರ ಬರೆಯುವವನು ಅಂದವಾಗಿರಲೆಂದು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಒಂದು ಮನೆತನವು ಕೋರ್ಟಿನ ಮೆಟ್ಟಿಲನ್ನು ಹತ್ತಬೇಕಾಗುವದು. ಪ್ರಬಂಧದಲ್ಲಿ ತಪ್ಪಿದ ಪದಕ್ಕೆ ಯಾರೂ ದಾವೆ ಹೂಡುವದಿಲ್ಲ. ಆದರೆ ಅಲ್ಲಿಯೂ ಯಾವದೋ ಒಂದು ಸ್ವತ್ತು ಕೈಬಿಡುವದು ಮಾತ್ರ ನಿಜ.

ಎರಡನೆಯದು ಓದುವವನು. ಒಂದೇ ಗಡ್ಡೆಗೆ ಬಳ್ಳಾರಿ ಧಾರವಾಡಗಳಲ್ಲಿ ಉಳ್ಳಾಗಡ್ಡಿಯೆಂದೂ, ಮೈಸೂರಿನಲ್ಲಿ ಈರುಳ್ಳಿಯೆಂದೂ, ಮಂಗಳೂರಿನ ಕಡೆಗೆ ನೀರುಳ್ಳಿಯೆಂದೂ ಹೆಸರು. ಇವುಗಳಲ್ಲಿ ಒಂದು ಶುದ್ಧ, ಮಿಕ್ಕವು ಅಶುದ್ಧ ಎನ್ನುವ ಅಧಿಕಾರವನ್ನು ಯಾರಿಗೆ ಯಾರು ಕೊಟ್ಟರು? ದೂರದ ವಾಚಕನಿಗೆ ತಿಳಿಯದೆಂಬ ಶಂಕೆಯಿದ್ದರೆ ಅದೇ ವಾಕ್ಯದಲ್ಲಿ ಬಿಡಿಸಿ ಹೇಳಬಹುದು. ‘ನೆಲದೊಳಗೆ ತೋಡಿದ ಕಣಜವಾದ ಹಗೇವು’ ಎಂದು ಹುಡುಗನಿಂದ ಬರೆಯಿಸಿದ್ದರೆ ಮಡಿಕೇರಿಯ ವಾಚಕನಿಗೂ ತಿಳಿಯುತ್ತಿತ್ತು. ಕನ್ನಡಕ್ಕೆ ಒಂದು ಪದವೂ ಉಳಿಯುತ್ತಿತ್ತು.

ಅನ್ಯಭಾಷೆಯ ಪದಗಳ ವಿಷಯದಲ್ಲಿಯೂ ಇದೇ ಅಳತೆಗೋಲು ಸಾಕು. ಸಂಸ್ಕೃತವನ್ನು ನಾನು ಬೇಡವೆನ್ನುವದಿಲ್ಲ. ‘ಸಂವಿಧಾನ’, ‘ನ್ಯಾಯ’, ‘ಸ್ವಾತಂತ್ರ್ಯ’ಗಳಿಲ್ಲದೆ ನಾವು ಯಾವ ಗಂಭೀರ ವಿಷಯವನ್ನು ಬರೆದೇವು? ಅರಬ್ಬಿ ಪಾರಸಿಗಳಿಂದ ಬಂದವುಗಳನ್ನು ಹೊರಗೆ ಹಾಕಬೇಕೆಂಬ ಆವೇಶವೂ ಆಗಾಗ ಕೆಲವರಲ್ಲಿ ಕಾಣುವದುಂಟು. ಅಂಥವರು ‘ರೈತ’ನನ್ನು ಎಲ್ಲಿಗೆ ಕಳಿಸುವರು? ಆ ಪದದ ಮೂಲವು ಅರಬ್ಬಿ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಆಂಗ್ಲರ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿ ಬೇರೂರಿಸಿದ ಕಂದಾಯ ಪದ್ಧತಿಗೂ ‘ರೈತವಾರಿ’ ಎಂದೇ ಹೆಸರಾಯಿತು. ಅರ್ಜಿ, ಜಾಮೀನು, ವಕೀಲ, ತಹಶೀಲ್ದಾರ ಇವೆಲ್ಲ ಹಳ್ಳಿಯ ಮುದುಕಿಗೂ ತಿಳಿಯುವ ಕನ್ನಡಗಳು. ನಾನು ವಾಸಿಸುವ ಬ್ರೂಸ್‌ಪೇಟೆಯ ಹೆಸರಿನಲ್ಲಿಯೇ ಒಬ್ಬ ಆಂಗ್ಲ ಅಧಿಕಾರಿಯೂ ನಮ್ಮ ಪೇಟೆಯೂ ಜೊತೆಗೂಡಿರುವರು. ಅದನ್ನು ಉಚ್ಚರಿಸಲು ಇಲ್ಲಿ ಯಾರ ನಾಲಗೆಯೂ ತೊಡರುವದಿಲ್ಲ. ಜನರ ನಾಲಗೆಯಲ್ಲಿ ಸವೆದು ನುಣುಪಾದ ಪದವು ನಮ್ಮದು. ತಿಳಿಯದ ಪದವನ್ನು ಪಾಂಡಿತ್ಯಕ್ಕಾಗಿ ತಂದಿಟ್ಟರೆ, ಅದರ ಮೂಲವು ಯಾವದಾದರೂ ಆಗಲಿ, ಅದು ಪರಕೀಯವೇ.

ಮೂರನೆಯದು ತೂಕ. 1953ರ ವಿಲೀನೋತ್ಸವದ ಹೊತ್ತಿಗೆ ಬಳ್ಳಾರಿಯಲ್ಲಿ ಸಮಾರಂಭದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬರು ಆಮ್ಲದ ದಾಳಿಗೆ ತುತ್ತಾಗಿ ಪ್ರಾಣವನ್ನು ತೆತ್ತರು. ಅವರು ‘ಸತ್ತರು’ ಎಂದು ಬರೆದರೆ ಸಂಗತಿ ತಿಳಿಯುವದು. ‘ಕೊಲೆಯಾದರು’ ಎಂದರೆ ಅಪರಾಧವು ತಿಳಿಯುವದು. ‘ಹುತಾತ್ಮರಾದರು’ ಎಂದರೆ ಆ ಸಾವಿನ ಅರ್ಥವು ತಿಳಿಯುವದು. ಪೋಲೀಸು ವರದಿಗೆ ಎರಡನೆಯದು ತಕ್ಕದ್ದು. ನಾಡಿನ ಇತಿಹಾಸಕ್ಕೆ ಮೂರನೆಯದು. ಆದರೆ ಇಂದು ನಮ್ಮ ಬರವಣಿಗೆಯಲ್ಲಿ ಪ್ರತಿಯೊಂದು ಸಭೆಯೂ ‘ಐತಿಹಾಸಿಕ’, ಪ್ರತಿಯೊಬ್ಬ ಮುಂದಾಳುವೂ ‘ಮಹಾಚೇತನ’. ದೊಡ್ಡ ಪದಗಳನ್ನು ಹೀಗೆ ಚಿಲ್ಲರೆಯಾಗಿ ಖರ್ಚು ಮಾಡಿದರೆ ರಂಜಾನ್ ಸಾಬರಂಥವರಿಗೆ ಕೊಡಲು ನಮ್ಮ ಗಂಟಿನಲ್ಲಿ ಏನು ಉಳಿಯುವದು? ವಿದ್ಯಾರ್ಥಿಗಳು ಸಣ್ಣದಕ್ಕೆ ಸಣ್ಣ ಪದವನ್ನು ಇಡುವದನ್ನು ಮೊದಲು ಕಲಿಯಲಿ.

ಇದೆಲ್ಲ ವ್ಯಾಕರಣದವರ ಜಗಳ, ನಾಡಿಗೆ ಇದರಿಂದ ಏನು ಎಂದು ಕೇಳುವವರಿಗೆ ನಮ್ಮ ಸೀಮೆಯದೇ ನಿದರ್ಶನವನ್ನು ಕೊಡುತ್ತೇನೆ. ಬಳ್ಳಾರಿಯೂ ಕೂಡಿದ್ದ ಪ್ರದೇಶಕ್ಕೆ, ಕಂಪನಿಗೆ ಬಿಟ್ಟುಕೊಟ್ಟದ್ದೆಂಬ ಅರ್ಥದಲ್ಲಿ, ‘ದತ್ತ ಮಂಡಲ’ವೆಂಬ ಹೆಸರು ನೂರಕ್ಕೂ ಹೆಚ್ಚು ವರ್ಷ ಅಂಟಿಕೊಂಡಿತ್ತು. ಆ ಹೆಸರು ಅಪಮಾನಕರವೆಂದು ಭಾವಿಸಿದ ತೆಲುಗು ಬಂಧುಗಳು 1928ರಲ್ಲಿ ನಂದ್ಯಾಲದಲ್ಲಿ ಸಭೆ ಸೇರಿದಾಗ ಚಿಲುಕೂರಿ ನಾರಾಯಣರಾಯರು ‘ರಾಯಲಸೀಮೆ’ ಎಂಬ ಹೆಸರನ್ನು ಸೂಚಿಸಿದರು. ಒಂದು ಪದದಿಂದ ಒಂದು ಸೀಮೆಯ ಜನರು ತಲೆಯೆತ್ತಿದರು. ನಮ್ಮ ರಾಜ್ಯವಾದರೂ ಒಂದಾದ ಮೇಲೂ ‘ಮೈಸೂರು’ ಎಂದೇ ಇದ್ದು, ‘ಕರ್ನಾಟಕ’ವೆಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ ಆ ಪದಕ್ಕಾಗಿ ಹಂಬಲಿಸಿದವರಿಗೆ ಪದದ ಬೆಲೆಯನ್ನು ಬೇರೆ ಹೇಳಬೇಕೆ?

ಪ್ರತಿಯೊಂದು ಸೀಮೆಯ ಪದವನ್ನೂ ಬರವಣಿಗೆಯಲ್ಲಿ ಬಿಟ್ಟುಕೊಂಡರೆ ಭಾಷೆಯು ಚೂರುಚೂರಾಗುವದೆಂದು ಕೆಲವರು ಹೆದರುವರು. ಅವರು 1926ರಲ್ಲಿ ಇದೇ ಬಳ್ಳಾರಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನವನ್ನು ನೆನೆಯಲಿ. ಅದರ ಅಧ್ಯಕ್ಷರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು. ಮನೆಮನೆಗಳ ಓಲೆಯ ಕಟ್ಟುಗಳಲ್ಲಿ ಧೂಳು ತಿನ್ನುತ್ತಿದ್ದ ವಚನಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದವರು ಅವರು. ಆ ವಚನಗಳನ್ನು ನುಡಿದವರಲ್ಲಿ ಅಂಬಿಗನಿದ್ದನು, ಮಾದಾರನಿದ್ದನು, ಡೋಹಾರನಿದ್ದನು. ಅವರವರ ಕಾಯಕದ ಪದಗಳೇ ಅವರ ಅನುಭಾವಕ್ಕೆ ವಾಹನವಾದವು. ಅವುಗಳಿಂದ ಕನ್ನಡವು ಒಡೆಯಲಿಲ್ಲ, ಬೆಳೆಯಿತು. ಪರಿಷತ್ತಿನ ಕನ್ನಡ ನಿಘಂಟು 1970ರಲ್ಲಿ ಮೊದಲಾಗಿ 1995ರಲ್ಲಿ 8 ಸಂಪುಟಗಳಲ್ಲಿ ಮುಗಿಯಿತು. ಒಂದೇ ಊರಿನ ಮಾತಿನಿಂದ ಅಷ್ಟು ದೊಡ್ಡ ಕಣಜವು ತುಂಬುತ್ತಿತ್ತೆ? ಏಕೀಕರಣವೆಂದರೆ ಎಲ್ಲರ ಸ್ವತ್ತೂ ಎಲ್ಲರದಾಗುವದು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ಹುಡುಗನ ವಹಿಯಲ್ಲಿ ಮನೆಯ ಪದವೊಂದು ಕಂಡಾಗ ಕೆಂಪು ಶಾಯಿಯನ್ನು ಒಂದು ಕ್ಷಣ ತಡೆದು, “ಇದರ ಅರ್ಥವೇನಪ್ಪಾ?” ಎಂದು ಅವನನ್ನೇ ಕೇಳಿರಿ. ಅವನು ಸರಿಯಾಗಿ ಬಿಡಿಸಿ ಹೇಳಿದರೆ ಆ ವಿವರಣೆಯನ್ನೇ ವಾಕ್ಯದಲ್ಲಿ ಸೇರಿಸಲು ಹೇಳಿರಿ. ಹೇಳಲಾರದಿದ್ದರೆ ಮನೆಗೆ ಹೋಗಿ ಅಜ್ಜನನ್ನು ಕೇಳಿ ಬರಲಿ. ಕಾಗುಣಿತದ ತಪ್ಪು, ವಾಕ್ಯದ ತಪ್ಪು ಇವನ್ನು ಅವಶ್ಯವಾಗಿ ತಿದ್ದಿರಿ; ಅದು ನಿಮ್ಮ ಧರ್ಮ. ಪರೀಕ್ಷಕರಾಗಿ ಕೂತಾಗಲೂ ಇದೇ ನ್ಯಾಯವನ್ನು ಪಾಲಿಸಿರಿ. ಆಗ ಅಂಕದ ಭಯವು ತಾನಾಗಿ ಹೋಗುವದು.

ನಮ್ಮ ನೆರೆಮನೆಯ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಹೊಡೆದ ಪದವನ್ನು ಬೇರೊಂದು ವಹಿಯಲ್ಲಿ ಬರೆದಿಡು, ಅದರ ಮುಂದೆ ಅಜ್ಜನು ಹೇಳಿದ ಅರ್ಥವನ್ನೂ ಬರೆ. ಈಗ ಅದರಲ್ಲಿ ನಾಲ್ವತ್ತಕ್ಕೂ ಮೇಲ್ಪಟ್ಟು ಪದಗಳಾಗಿವೆ. ಹಗೇವುಗಳು ಊರುಗಳಲ್ಲಿ ಮುಚ್ಚಿಹೋದವು. ಆ ಹೆಸರಾದರೂ ಕನ್ನಡದಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳುವದು ನಮ್ಮ ಕೈಯಲ್ಲಿದೆ.